ಹಾಯಿಹಡಗಿಗೆ ಕಟ್ಟಿದ ಕರಿದಾರ

"ಈ ದಾರ ಯಾರ ಸಾಮಾನ್ಗೆ ಕಟ್ತೀರೋ ಅವ್ನ ಕೈ ಸೇದೋಯ್ತದೆ. ಆದ್ರೆ ಎಂಜ್ಲು ಮಾತ್ರ ತಾಕಿಸ್ಬ್ಯಾಡಿ ಮೇಷ್ಟ್ರೆ" ಎಂದು ಚಿಕ್ಕಬೋರಯ್ಯ ಮತ್ತೊಮ್ಮೆ ಹೇಳಿದ. "ಎಂಜ್ಲು ತಾಕ್ತೋ, ಮಾಟ ಅವ್ನ ಬಿಟ್ಟು ತಿರುಗ್ತದೆ, ಅದು ಯಾರೆಂಜ್ಲೋ ಅವ್ರ ಕೈಯೂ ಓಯ್ತು, ಬಾಯೂ ಓಯ್ತು. ಬಿಚ್ಬೇಕು ಅಂದ್ರೂ ಕಟ್ಟಿದ ಕೈಯೇ ಬಿಚ್ಬೇಕು. ನನ್ ಕೈಲೂ ಆಗಕಿಲ್ಲ."

ವೆಂಕಟೇಶಮೂರ್ತಿ ನಕ್ಕುಬಿಟ್ಟ. "ನಾನೇನು ಹಾಲು ಕುಡಿಯೋ ಕೂಸೇನಯ್ಯ, ದಾರ ಚೀಪೋದಕ್ಕೆ?"

ಮಾಟಗಾರ ನಗಲಿಲ್ಲ. ಕೊಪ್ಪದಾಚೆ ಕಬ್ಬಿನ ಗದ್ದೆಯ ಅಂಚಿನಲ್ಲಿದ್ದ ಆ ಕೋಣೆಯಲ್ಲಿ ಸುಟ್ಟ ಕೂದಲಿನ ಕಮಟು, ಹರಳೆಣ್ಣೆಯ ಜಿಡ್ಡು, ಕೊಳೆತ ನಿಂಬೆಹಣ್ಣಿನ ಹುಳಿನಾತ ಒಂದರೊಳಗೊಂದು ಬೆರೆತು ಉಸಿರು ಕಟ್ಟಿಸುತ್ತಿದ್ದವು. ಹೊರಗೆ ಕಬ್ಬಿನ ಸೋಗೆ ಸರಸರ ಎನ್ನುತ್ತಿತ್ತು. ಎಲೆಯಲ್ಲಿ ಸುತ್ತಿದ್ದ ಗೇಣುದ್ದದ ಕರಿದಾರವನ್ನು ಜೇಬಿಗಿಳಿಸಿಕೊಂಡು ವೆಂಕಟೇಶಮೂರ್ತಿ ಮದ್ದೂರಿನ ಬಸ್ಸು ಹಿಡಿದ.

ಮಾಟವಂತೆ, ಮಂತ್ರವಂತೆ! ಮೈಸೂರಿನಿಂದ ವರ್ಗವಾಗಿ ಮದ್ದೂರಿನ ಹೈಸ್ಕೂಲಿಗೆ ಬಂದ ಈ ಡ್ರಾಯಿಂಗ್ ಮೇಷ್ಟರಿಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಮತ್ತೇಕೆ ಹೋದ ಎನ್ನುತ್ತೀರಾ? ಹೊಟ್ಟೆಕಿಚ್ಚು ಸ್ವಾಮಿ, ಹೊಟ್ಟೆಕಿಚ್ಚು. ಅದಕ್ಕೆ ನಂಬಿಕೆ ಬೇಕಿಲ್ಲ, ಉರಿಯಲು ಒಂದು ಹೊಟ್ಟೆಯಿದ್ದರೆ ಸಾಕು.

ಆ ಕಿಚ್ಚಿನ ಹೆಸರು ಮಕ್ಸೂದ್. ಪೇಟೆಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಕೆರೆಯನ್ನೇ ಸಮುದ್ರ ಎಂದುಕೊಂಡಿದ್ದ ಆ ಊರಿನಲ್ಲಿ ಪುಟ್ಟ ಪುಟ್ಟ ಮರದ ಹಡಗು ಕಟ್ಟುವ ಹುಚ್ಚು ಇದ್ದದ್ದು ಇವರಿಬ್ಬರಿಗೇ. ಭಾನುವಾರ ಬಂತೆಂದರೆ ಅಂಗಡಿಯ ಮೇಲಿನ ಅಟ್ಟದಲ್ಲಿ ಎದುರುಬದುರು ಕೂರುತ್ತಿದ್ದರು. ಸಾಗುವಾನಿಯ ತೆಳುಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಲಾಟೀನಿನ ಗಾಜಿಗೆ ಒತ್ತಿ ಬಗ್ಗಿಸುವುದು. ಮರವಜ್ರ ಕಾಯಿಸಿ ಅಂಟಿಸುವುದು. ಮಲ್ಲುಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹಾಯಿ ಮಾಡುವುದು. ಆಮೇಲೆ ಹಗ್ಗಗಳ ಕೆಲಸ. ಎಳ್ಳಿನ ಗಾತ್ರದ ರಾಟೆಗಳ ತೂತಿಗೆ ಮೇಣ ಸವರಿದ ದಾರ ಪೋಣಿಸಬೇಕು. ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿ, ಹೊಸೆದು, ಸರಕ್ಕನೆ ತೂರಿಸುವುದು ಇಬ್ಬರಿಗೂ ರೂಢಿ. ಕೈ ಅದನ್ನು ಮನಸ್ಸಿನ ಅಪ್ಪಣೆ ಕೇಳದೆಯೇ ಮಾಡುತ್ತಿತ್ತು.

ಎಲ್ಲ ಒಂದೇ. ಆದರೆ ಮೇಷ್ಟರು ಬಗ್ಗಿಸಿದ ಪಟ್ಟಿ ಚಟ್ಟೆಂದು ಸೀಳುತ್ತಿತ್ತು, ಮಕ್ಸೂದನದು ಹೇಳಿದ ಮಾತು ಕೇಳುತ್ತಿತ್ತು. ಶಾಲೆಯಲ್ಲಿ ಹೆಡ್‌ಮಾಸ್ಟರು ಎಲ್ಲರೆದುರಿಗೇ, "ಮಕ್ಸೂದನ ಹಡಗು ನೋಡಿದ್ರೇನ್ರೀ? ಅಬ್ಬಬ್ಬಾ! ನಿಮ್ದೂ ಪರವಾಗಿಲ್ಲ ಬಿಡಿ" ಎಂದರು. ಆ 'ಪರವಾಗಿಲ್ಲ' ಅನ್ನುವ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮಂಡ್ಯದ ವಸ್ತುಪ್ರದರ್ಶನ ಹತ್ತಿರ ಬರುತ್ತಿತ್ತು. ಮೊದಲ ಬಹುಮಾನ ಬಂದ ಹಡಗನ್ನು ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಶಾಶ್ವತವಾಗಿ ಇಡುತ್ತಾರಂತೆ. ಅಲ್ಲಿ ತನ್ನ ಹಡಗೇ ಇರಬೇಕು. ಅದಿಲ್ಲದೆ ಅವನಿಗೆ ನಿದ್ದೆ ಬೇಡ, ಅನ್ನ ಬೇಡ.

"ನಿಮ್ಮ ಹಾಯಿ ನಾನು ಕಟ್ಕೊಡ್ಲಾ ಮೇಷ್ಟ್ರೆ?" ಎಂದು ಮಕ್ಸೂದ್ ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ.

"ನನ್ನ ಹಡಗಿಗೆ ಇನ್ನೊಬ್ಬರ ಕೈ ತಾಕಕೂಡದು!"

ಕೊಪ್ಪದಿಂದ ದಾರ ತಂದ ಆ ಮುಸ್ಸಂಜೆ ಮಕ್ಸೂದ್ ನಮಾಜಿಗೆ ಹೋದ. ಕೆಳಗೆ ಅವನ ತಾಯಿ ಸುಲ್ತಾನ್ ಬೀ ಮಸಾಲೆ ಅರೆಯುವ ಸದ್ದು. ಅಟ್ಟದಲ್ಲಿ ವೆಂಕಟೇಶಮೂರ್ತಿ, ಮಕ್ಸೂದನ ಹಡಗು, ಜೇಬಿನಲ್ಲಿ ಕರಿದಾರ. ಎಲೆ ಬಿಚ್ಚಿದ್ದೇ ತಡ, ಸುಟ್ಟ ಕೂದಲಿನ ಕಮಟು ಅಟ್ಟವನ್ನೆಲ್ಲ ತುಂಬಿತು. ದೊಡ್ಡ ಹಾಯಿಕಂಬದ ಬುಡದಲ್ಲಿದ್ದ ರಾಟೆಗೆ ದಾರ ಹಿಡಿದ.

ಕರೆಂಟು ಹೋಯಿತು.

ಕೆಳಗೆ ಅರೆಯುವ ಸದ್ದು ನಿಂತಿತು. ಕಿಟಕಿಯಲ್ಲಿ ಮಬ್ಬು ಬೆಳಕು. ತೂತು ಕಾಣದು. ದಾರದ ತುದಿ ಕೆದರಿಕೊಂಡಿತು. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ. ಸುಲ್ತಾನ್ ಬೀ ಲಾಟೀನು ತರುತ್ತಿದ್ದಾಳೆ. ಬೇಗ! ತುದಿ ತುಟಿಗೆ ಹೋಯಿತು. ಒದ್ದೆಯಾಯಿತು. ಹೊಸೆದ. ತೂರಿಸಿದ. ಗಂಟು ಬಿಗಿದ.

ಆಗ ನಾಲಿಗೆಗೆ ಕಹಿ ತಾಕಿತು.

ಅಯ್ಯೋ! ಏನು ಮಾಡಿದೆ ನಾನು? ಗಂಟಿಗೆ ಉಗುರು ಹಾಕಿದ. ಕಿರುಬೆರಳು ಮಡಿಚಿಕೊಂಡಿತು. ಎಳೆದು ಬಿಡಿಸಲು ಹೋದ. ಉಂಗುರದ ಬೆರಳೂ ಮಡಿಚಿಕೊಂಡಿತು. ಆಮೇಲೆ ನಡುಬೆರಳು. ಎಡಗೈ ತಂದ. ಅದೂ ಮುಷ್ಟಿಯಾಯಿತು. ನಾಲಿಗೆಯಡಿ ಏನೋ ಹರಿಯುತ್ತಿದೆ. ದಾರ. ಮುಷ್ಟಿಯಿಂದ ಉಜ್ಜಿದ. ಉಗಿದ. ಬರಲಿಲ್ಲ. ಹಲ್ಲಿನ ಸಂದಿಗೆ ನುಗ್ಗಿತು. ನಾಲಿಗೆಗೆ ಸುತ್ತಿತು. ಬಿಗಿಯಿತು. ಗಂಟಲಿಗೆ ಇಳಿಯಿತು. ಕೂಗಿದ. ಕೂಗು ಹೊರಡಲಿಲ್ಲ.

ಲಾಟೀನು ಹಿಡಿದು ಮೇಲೆ ಬಂದ ಸುಲ್ತಾನ್ ಬೀ, "ಯಾ ಅಲ್ಲಾ!" ಎಂದು ಚೀರಿದಳು. ಮೇಷ್ಟರ ಬಾಯಿಯಲ್ಲಿ ಅವಳಿಗೆ ದಾರ ಕಾಣಲಿಲ್ಲ. ನೊರೆ ಕಂಡಿತು, ಹಡಗಿನ ಮೇಲೆ ಕರಿದಾರದ ಗಂಟು ಕಂಡಿತು.

ಡಾಕ್ಟರು ಲಕ್ವ ಎಂದರು. ಮುಷ್ಟಿಗಳು ಬಿಚ್ಚಲಿಲ್ಲ, ಮಾತು ಮರಳಲಿಲ್ಲ. ಕಾಲು ಮಾತ್ರ ನಡೆಯುತ್ತಿತ್ತು. ಮಕ್ಸೂದ್ ದಿನವೂ ಬಂದು ಚಮಚದಲ್ಲಿ ಗಂಜಿ ಕುಡಿಸಿದ, ತೋಳು ನೀವಿದ, ಕಣ್ಣೀರಿಟ್ಟ. ಪ್ರದರ್ಶನದ ದಿನ ಕೈಹಿಡಿದು ಮಂಡ್ಯಕ್ಕೆ ಕರೆದುಕೊಂಡು ಹೋದ.

ಗಾಜಿನ ಪೆಟ್ಟಿಗೆಯೊಳಗೆ ಮಕ್ಸೂದನ ಹಡಗು ನಿಂತಿತ್ತು. ಹಾಯಿಕಂಬದ ಬುಡದಲ್ಲಿ ಕರಿದಾರದ ಗಂಟು. ಜವಾನ ಬೀಗ ಹಿಡಿದು ಕಾಯುತ್ತಿದ್ದ. ವೆಂಕಟೇಶಮೂರ್ತಿ ಮುಷ್ಟಿಯಿಂದ ಗಂಟಿನ ಕಡೆ ತೋರಿಸಿದ. ಗಾಜು ಗುದ್ದಿದ. ಗೊರಗೊರ ಎಂದ.

"ಗೊತ್ತು ಮೇಷ್ಟ್ರೆ, ಗೊತ್ತು" ಎಂದು ಮಕ್ಸೂದ್ ಅವನ ಭುಜ ತಬ್ಬಿಕೊಂಡ. "ಕೈ ಬೀಳೋ ಗಳಿಗೇಲೂ ನನ್ನ ಹಡಗಿಗೆ ದೃಷ್ಟಿದಾರ ಕಟ್ಟಿದ್ರಿ. ಅಮ್ಮಿ ನೋಡಿದ್ರು, ಹೇಳಿದ್ರು. ನಾನಿರೋವರ್ಗೂ ಅದನ್ನ ಯಾರ್ಗೂ ಬಿಚ್ಚಕ್ಕೆ ಬುಡಕಿಲ್ಲ."

ಜವಾನ ಬೀಗ ಹಾಕಿದ.

"ಬನ್ನಿ, ನಿಮ್ ಹಡಗು ನೋಡೋಣ. ಆ ಮೂಲೇಲಿ ಇಟ್ಟವ್ರೆ. ಹಾಯಿ, ಹಗ್ಗ ಎಲ್ಲಾ ನಾನೇ ಕೂತು ಮುಗಿಸ್ದೆ. ನೋಡ್ದೋರೆಲ್ಲ ಪರವಾಗಿಲ್ಲ ಅಂತಾವ್ರೆ."

ಕೈ ಹೋಗಿತ್ತು, ಮಾತು ಹೋಗಿತ್ತು. ಹೊಟ್ಟೆಯೊಳಗಿನ ಕಿಚ್ಚೊಂದು ಹಾಗೆಯೇ ಇತ್ತು. ಮಕ್ಸೂದ್ ಅವನನ್ನು ಮೆಲ್ಲಗೆ ನಡೆಸಿಕೊಂಡು ಮೂಲೆಯ ಕಡೆಗೆ ಹೋದ.