ಎರಡನೆಯ ಡ್ರಮ್ಮಿನ ಉಸಿರು

ಡಬ್ಬಿ ಇತ್ತು. ಡಬ್ಬಿಯೊಳಗಿನ ಚೀಲ ಇರಲಿಲ್ಲ.

ಡಾಕ್ಟರ್ ನಿವೇದಿತಾ ಮತ್ತೊಮ್ಮೆ ಬಗ್ಗಿ ನೋಡಿದಳು. ಡ್ರಮ್ಮಿನ ಬಾಯಿಂದ ಬಿಳಿ ಹೊಗೆ ಉಕ್ಕಿ, ಅಂಚಿನಿಂದ ಕೆಳಗಿಳಿದು ಅವಳ ಕಾಲ ಸುತ್ತ ಸುಳಿಯುತ್ತಿತ್ತು. ಲ್ಯಾಬಿನ ಬಸು ದಪ್ಪ ಕೈಗವಸಿನಲ್ಲಿ ಏಳನೆಯ ನಂಬರಿನ ಡಬ್ಬಿ ಹಿಡಿದು ನಿಂತಿದ್ದ. ಮೇಲಿನ ಚೀಟಿ ಸ್ಪಷ್ಟವಾಗಿತ್ತು — ಚನಬಸಪ್ಪ, ಮೂವತ್ತನಾಲ್ಕು ವರ್ಷ.

"ಬೇರೆ ಡಬ್ಬೀಲಿ ಸೇರ್ಕೊಂಡಿರಬಹುದಾ ಬಸು?"

"ಎಲ್ಲಾ ನೋಡ್ದೆ ಮೇಡಂ. ಎರಡೂ ಡ್ರಮ್ ನೋಡ್ದೆ. ಇಲ್ಲ."

1997ರ ಅಕ್ಟೋಬರ್ ಇಪ್ಪತ್ತು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಪೀಣ್ಯ ದಾಟಿ ಮಾಕಳಿಯ ಕಡೆ ಹೋಗುವ ರಸ್ತೆ ಬದಿಯ ಆ ಸಂಶೋಧನಾ ಆಸ್ಪತ್ರೆಯಲ್ಲಿ ಹೊರಗಿನ ಲಾರಿಗಳ ಸದ್ದು ಕೂಡ ಡ್ರಮ್ಮಿನ ಕೋಣೆಯನ್ನು ಮುಟ್ಟುತ್ತಿರಲಿಲ್ಲ. ಅಲ್ಲಿ ಕೇಳುತ್ತಿದ್ದದ್ದು ಮುಟ್ಟಿದ್ದನ್ನೆಲ್ಲ ಹೆಪ್ಪುಗಟ್ಟಿಸುವ ದ್ರವ ನೈಟ್ರೋಜನ್ ಸಣ್ಣಗೆ ಕುದಿಯುವ ಸದ್ದು ಮಾತ್ರ. ಯಾರೋ ಹಲ್ಲು ಕಚ್ಚಿಕೊಂಡು ಮಾತಾಡುತ್ತಿರುವ ಹಾಗೆ ಅದು ಕೇಳಿಸುತ್ತಿತ್ತು.

ಚನಬಸಪ್ಪ ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಿದ್ದವನು. ಕೊಪ್ಪಳದ ಕಡೆಯವನು, ಚಿಕ್ಕಬಾಣಾವರದಲ್ಲಿ ಬಾಡಿಗೆ ಕೋಣೆ. ಅವನ ಲಿಂಫೋಮಾ, ಅಂದರೆ ಕುತ್ತಿಗೆ ಕಂಕುಳಿನ ಗಂಟುಗಳಲ್ಲಿ ಹುಟ್ಟಿ ಮೈಗೆಲ್ಲ ಹರಡುವ ಕ್ಯಾನ್ಸರ್, ಎರಡು ಸಲ ಔಷಧಿಗೆ ಬಗ್ಗಿ ಎರಡು ಸಲವೂ ಮತ್ತೆ ತಲೆಯೆತ್ತಿತ್ತು. ಉಳಿದದ್ದು ಇಲ್ಲಿನ ಹೊಸ ಪ್ರಯೋಗವೊಂದೇ. ಮೊದಲು ಅವನದೇ ರಕ್ತದಿಂದ ಸ್ಟೆಮ್ ಸೆಲ್‌ಗಳನ್ನು, ಅಂದರೆ ಹೊಸ ರಕ್ತವನ್ನು ಹುಟ್ಟಿಸುವ ಕೋಶಗಳನ್ನು, ತೆಗೆದು ಚೀಲಕ್ಕೆ ತುಂಬಿ ಡ್ರಮ್ಮಿನಲ್ಲಿ ಹೆಪ್ಪುಗಟ್ಟಿಸಿ ಇಡುವುದು. ಆಮೇಲೆ ಭಾರಿ ಔಷಧಿ ಕೊಟ್ಟು ಕ್ಯಾನ್ಸರನ್ನೂ ಅದರ ಜೊತೆ ಮೂಳೆಯೊಳಗಿನ ಮಜ್ಜೆಯನ್ನೂ ಸುಟ್ಟುಬಿಡುವುದು. ಕೊನೆಗೆ ಎತ್ತಿಟ್ಟದ್ದನ್ನು ವಾಪಸ್ಸು ಮೈಗೆ ಸೇರಿಸುವುದು.

ಸುಡುವ ಕೆಲಸ ನಿನ್ನೆಗೆ ಮುಗಿದಿತ್ತು. ಸೇರಿಸುವ ಕೆಲಸ ನಾಳೆ. ಚೀಲ ಸಿಗದಿದ್ದರೆ ಗಾಜಿನ ಕೋಣೆಯಲ್ಲಿ ಮಲಗಿರುವವನ ಮೈಯಲ್ಲಿ ಹೊಸ ರಕ್ತ ಹುಟ್ಟುವುದಿಲ್ಲ. ಯಾವುದೋ ಸಣ್ಣ ಸೋಂಕು ಎರಡು ಮೂರು ವಾರದಲ್ಲಿ ಅವನನ್ನು ಮುಗಿಸುತ್ತದೆ. ಸುಡುವ ಆದೇಶಕ್ಕೆ ಸಹಿ ಹಾಕಿದವಳು ನಿವೇದಿತಾಳೇ.

ದೆಹಲಿಗೆ ಹೋಗಿದ್ದ ಮುಖ್ಯ ವೈದ್ಯ ಚನ್ನವೀರಪ್ಪ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಪೊಲೀಸ್ ಆಮೇಲೆ. ಮೊದ್ಲು ಮಡಿವಾಳಪ್ಪನೋರಿಗೆ ತೋರಿಸಿ."

ಮಡಿವಾಳಪ್ಪ ಹುಬ್ಬಳ್ಳಿಯ ಕಡೆ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಈಗ ಆಸ್ಪತ್ರೆಯ ಭದ್ರತಾ ಅಧಿಕಾರಿ. ಗೇಟಿನಲ್ಲಿ ಕುಳಿತು ಊಟದ ಕ್ಯಾರಿಯರ್ ಬಿಚ್ಚಿಸಿ ನೋಡುವ ಮುದುಕ ಎಂಬುದಕ್ಕಿಂತ ಹೆಚ್ಚಾಗಿ ನಿವೇದಿತಾ ಅವರ ಬಗ್ಗೆ ಯೋಚಿಸಿದವಳೇ ಅಲ್ಲ. ಅವರು ಬಂದು ಡ್ರಮ್ಮುಗಳನ್ನೂ ಗೋಡೆಯನ್ನೂ ಸಾವಕಾಶವಾಗಿ ನೋಡಿದರು.

"ಕೀಲಿ ಯಾರ್ಯಾರ ಕಡೆ ಐತ್ರಿ?"

"ಒಂದು ನನ್ನತ್ರ, ಒಂದು ಬಸು ಹತ್ರ."

ಅವರು ಬಸುವಿನ ಕಡೆ ತಿರುಗಿದರು. "ಬಸಪ್ಪ, ಇವತ್ತ ಎಷ್ಟೊತ್ತಿಗೆ ಬಂದಿ?"

"ಎಂಟೂವರೆಗೆ ಸಾರ್."

"ಈ ಎರಡನೇ ಡ್ರಮ್ಮಿನ್ಯಾಗ ಏನೈತಿ?"

ನಿವೇದಿತಾಳೇ ಹೇಳಿದಳು.

"ತೀರಿಕೊಂಡವರದ್ದು. ವಾಪಸ್ಸು ಕೊಡೋಕೆ ಮುಂಚೇನೇ ಮೂರು ಜನ ಹೋಗಿಬಿಟ್ರು. ಅವರ ಚೀಲಗಳನ್ನ ಏನು ಮಾಡಬೇಕು ಅಂತ ಯಾರೂ ಬರೆದಿಟ್ಟಿರಲಿಲ್ಲ. ಹಾಗೇ ಇಟ್ಟಿದೀವಿ."

"ಅವು ಇನ್ನೂ ಜೀವಂತ ಅದಾವೇನು?"

"ಬೆಚ್ಚಗೆ ಮಾಡಿದ್ರೆ ಎದ್ದು ಕೆಲಸ ಶುರು ಮಾಡ್ತವೆ."

ಮಡಿವಾಳಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಜೂನ್‌ನಲ್ಲಿ ಆ ಮೂವರಲ್ಲೊಬ್ಬನಾದ ಅಮರಪ್ಪನ ದೇಹವನ್ನು ಊರಿಗೆ ಕಳಿಸಿ ಸಮಾಧಿ ಮಾಡಿ ಆಗಿತ್ತು. ಆ ಅಮರಪ್ಪನ ಒಂದು ಭಾಗ ಇಲ್ಲಿ ಹೊಗೆಯೊಳಗೆ ಸಾಯದೆ ಕಾದುಕೊಂಡಿತ್ತು. ನಿವೇದಿತಾಳಂಥ ನಿವೇದಿತಾಳೂ ಆ ಮುಚ್ಚಳವನ್ನು ತಾನಾಗಿ ತೆರೆದವಳಲ್ಲ.

ವಿಚಾರಣೆಗೆ ಮೊದಲು ಬಂದವನು ಸಂಗಣ್ಣ. ಪೀಣ್ಯದ ಗ್ಯಾಸ್ ಕಾರ್ಖಾನೆಯಿಂದ ನೈಟ್ರೋಜನ್ ತಂದು ತುಂಬಿಸುವ ಟೆಂಪೋದವನು. ನಿನ್ನೆಯೂ ಬಂದು ತುಂಬಿಸಿ ಹೋಗಿದ್ದ.

"ಡಬ್ಬಿ ಮುಟ್ಟೀಯೇನು?"

"ಕೈ ಸುಟ್ಕೊಳ್ಳಾಕ ನನಗೇನು ಹುಚ್ಚೇನ್ರಿ ಸಾಹೇಬ್ರ? ಪೈಪ್ ಬಿಡೂದು, ತುಂಬಿದ ಕೂಡ್ಲೆ ತಗಿಯೂದು. ಬಸಪ್ಪ ಬಾಜೂಕ ನಿಂತಿದ್ದ."

"ಮೊದಲನೇ ಡ್ರಮ್ಮಿಗೆ ಒಂದ ಸಲಕ್ಕ ಎಷ್ಟು ಹಿಡಸ್ತದ?"

"ಮೂರು ದಿನಕ್ಕೊಮ್ಮೆ ಒಂದೂವರಿ ಕ್ಯಾನ್ರಿ. ಕ್ಯಾನಿಗೆ ಇಪ್ಪತ್ತೈದು ಲೀಟರ್." ಸಂಗಣ್ಣ ತಲೆ ಕೆರೆದುಕೊಂಡ. "ಹಬ್ಬ ಆದ ಸೋಮವಾರ ಮಾತ್ರ ಮೂರು ಕ್ಯಾನ್ ಪೂರಾ ಕುಡೀತ್ರಿ. ಭಾಳ ಹಸದಿತ್ತು."

"ಹಬ್ಬದಾಗ ಬಂದಿರಲಿಲ್ಲೇನು?"

"ಶುಕ್ರವಾರ ಆಯುಧಪೂಜಿ. ಟೆಂಪೋಕ್ಕ ಪೂಜಿ ಮಾಡಿ ನಿಂದ್ರಿಸಿದ್ವಿ. ಶನಿವಾರ ದಸರಾ, ಆಮ್ಯಾಲ ಐತವಾರ. ಪೂಜಿಗೆ ಇಟ್ಟ ಗಾಡಿ ಹೆಂಗ ತಗಿಯೂದ್ರಿ?"

ಮಡಿವಾಳಪ್ಪ ಅವನನ್ನು ಕಳಿಸಿಬಿಟ್ಟರು. ಕಳ್ಳನನ್ನು ಇಷ್ಟು ಸುಲಭವಾಗಿ ಬಿಡುತ್ತಾರಲ್ಲ ಎಂದು ನಿವೇದಿತಾಳಿಗೆ ರೇಗಿತು.

ಚನಬಸಪ್ಪನ ಹೆಂಡತಿ ಸಿದ್ದಕ್ಕ ಗಾಜಿನ ಕೋಣೆಯ ಹೊರಗೆ ನೆಲದ ಮೇಲೆ ಕುಳಿತಿದ್ದಳು. ಅವಳು ದಿನಾ ಬೆಳಿಗ್ಗೆ ಡ್ರಮ್ಮಿನ ಕೋಣೆಯ ಬಾಗಿಲಿಗೆ ಹೋಗಿ, ಗಾಜಿನ ಕಿಂಡಿಯಲ್ಲಿ ಇಣುಕಿ ಒಬ್ಬಳೇ ಮಾತಾಡುತ್ತಾಳೆಂದು ನರ್ಸುಗಳು ಹೇಳಿದ್ದರು. ಚೀಲ ಕಾಣೆಯಾದದ್ದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

"ಅಲ್ಲಿ ಯಾಕ ಹೋಗ್ತೀಯವಾ?"

"ಡಾಕ್ಟರ್ ಬಾಯಾರ ಹೇಳ್ಯಾರಲ್ರಿ, ಬಿತ್ತನಿ ಬೀಜ ಎತ್ತಿಟ್ಟೀವಿ, ಹೊಲ ಸುಟ್ಟ ಮ್ಯಾಲ ಮತ್ತ ಬಿತ್ತತೀವಿ ಅಂತ. ಬೀಜ ಅಂದ್ರ ಅವರ ಜೀವಲ್ರಿ? ಮಾತಾಡಿಸಿ ಬರ್ತೀನಿ."

"ಇವತ್ತೂ ಹೋಗಿದ್ದೇನು?"

"ಏಳಕ್ಕ ಹೋಗಿದ್ದೆ." ಅವಳ ದನಿ ತಗ್ಗಿತು. "ಇವತ್ತ ನಮ್ಮ ಡ್ರಮ್ಮಿನ ಉಸಿರು ನಿಂದ್ರಾಕತ್ತಿತ್ರಿ. ಬಾಜೂದ್ದು ಉಸಿರಾಡಾಕತ್ತಿತ್ತು."

ನಿವೇದಿತಾಳ ಮೈ ಜುಮ್ಮೆಂದಿತು. ಆರು ದಿನದಿಂದ ಕಣ್ಣು ಮುಚ್ಚದ ಹೆಂಗಸು, ಏನೋ ಕಂಡಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೂ ಭಯ ಹೋಗಲಿಲ್ಲ.

ವಾಪಸ್ಸು ಬರುವ ದಾರಿಯಲ್ಲಿ ಮಡಿವಾಳಪ್ಪ ಕೇಳಿದರು: "ಡ್ರಮ್ಮು ಯಾವಾಗ ಉಸಿರಾಡ್ತದ್ರಿ ಡಾಕ್ಟ್ರ?"

"ಏನ್ ಸಾರ್ ನೀವೂ. ಅದು ಬರೀ ಹೊಗೆ. ಮುಚ್ಚಳ ತೆಗೆದು ಹಾಕಿದ ಮೇಲೆ ಸ್ವಲ್ಪ ಹೊತ್ತು..."

ಅವಳ ಮಾತು ಅಲ್ಲೇ ನಿಂತಿತು.

"ಹೌದು," ಎಂದರು ಮಡಿವಾಳಪ್ಪ. "ಏಳು ಗಂಟೆಗಿಂತ ಸ್ವಲ್ಪ ಮೊದಲ ಯಾರೋ ಸತ್ತವರ ಡ್ರಮ್ಮು ತಗದಾರ. ನಾವು ಆಕಿ ಮಾತು ಹುಚ್ಚಂತ ಬಿಟ್ಟೀವಿ. ಆಕಿ ಕಂಡದ್ದನ್ನ ಕಂಡಂಗ ಹೇಳ್ಯಾಳ."

ಡ್ರಮ್ಮಿನ ಕೋಣೆಯಲ್ಲಿ ಬಸು ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ. ಮಡಿವಾಳಪ್ಪ ಗೋಡೆಗೆ ತೂಗುಹಾಕಿದ್ದ ಮರದ ಅಳತೆ ಕೋಲನ್ನು ಕೈಗೆ ತೆಗೆದುಕೊಂಡರು.

"ಇದನ್ನ ಹೆಂಗ ಬಳಸ್ತಿ ಬಸಪ್ಪ?"

"ದಿನಾ ಡ್ರಮ್ ತಳದವರೆಗೂ ಇಳಿಸ್ತೀನಿ ಸಾರ್. ಮೇಲೆತ್ತಿದ್ರೆ ನೈಟ್ರೋಜನ್ ಇದ್ದಷ್ಟು ಉದ್ದಕ್ಕೂ ಮಂಜು ಹಿಡಿಯುತ್ತೆ. ಬಟ್ಟೇಲಿ ಒರೆಸಿ, ಅಳತೆ ಬುಕ್ಕಲ್ಲಿ ಬರೀತೀನಿ."

"ದಿನಾ ಒರಸ್ತಿ?"

"ದಿನಾ ಸಾರ್."

ಮಡಿವಾಳಪ್ಪ ಕೋಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೇಲೆ, ನಡುವೆ, ತೀರಾ ಕೆಳತುದಿಯಲ್ಲಿ — ಮೂರೂ ಕಡೆ ವಿಭೂತಿಯ ಪಟ್ಟೆಗಳು ಅಚ್ಚೊತ್ತಿದಂತಿದ್ದವು. ಕೆಳತುದಿಯ ಕುಂಕುಮದ ಬೊಟ್ಟು ಕೂಡ ಅಲುಗಿರಲಿಲ್ಲ.

"ಆಯುಧಪೂಜಿಗೆ ಹಚ್ಚಿದ್ದು. ಹತ್ತು ದಿನ ಆತು. ಒಂದ ಸಲ ಅದ್ದಿ ಒರಸಿದ್ರೂ ಅಳಿಸಿ ಹೋಗಬೇಕಿತ್ತು. ಬುಕ್ಕಿನ್ಯಾಗ ಮಾತ್ರ ದಿನಾ ಅಳತಿ ಐತಿ, ಹಬ್ಬದ ದಿನಾನೂ ಐತಿ. ನೀನ ಹೇಳ್ತೀಯೋ, ನಾನ ಹೇಳ್ಲೋ?"

ಬಸು ಸ್ಟೂಲಿನಿಂದ ಎದ್ದು ನಿಂತ. ಮಡಿವಾಳಪ್ಪ ತಾವೇ ಹೇಳಿದರು.

"ಪೂಜಿಗೆ ಇಟ್ಟ ಕೋಲು ಮುಟ್ಟಬಾರದು ಅಂತ ಬಿಟ್ಟಿ. ಟೆಂಪೋನೂ ಬರಲಿಲ್ಲ. ಸೋಮವಾರ ಬಂದು ಮುಚ್ಚಳ ತಗದ್ರ ಹೊಗಿ ಮ್ಯಾಲ ಏಳಲಿಲ್ಲ. ಡ್ರಮ್ಮು ಬತ್ತಿತು, ಒಳಗಿಂದು ಸತ್ತೋತು ಅಂದ್ಕೊಂಡಿ. ಹೇಳಿದ್ರ ನೌಕರಿ ಹೋಗ್ತದ. ತುಂಬಿಸಿ, ಸುಳ್ಳು ಅಳತಿ ಬರದು ಸುಮ್ಮನಾದಿ. ಮರುದಿನ ಚನಬಸಪ್ಪಗ ಔಷಧ ಶುರು ಆತು. ಆವಾಗೂ ಬಾಯಿ ಬಿಡಲಿಲ್ಲ. ಇವತ್ತ ಚೀಲದ ಜೋಡಿ ಅವ ಕೋಶ ತುಂಬಿ ಇಟ್ಟ ಸಣ್ಣ ಕೊಳವಿ ಕರಗಿಸಿ ಪರೀಕ್ಷಾ ಮಾಡೂ ದಿನ. ಸತ್ತದ್ದು ಸಿಗೂದಕ್ಕಿಂತ ಕಳುವಾದ್ರ ಚಲೋ ಅನಿಸ್ತು. ಎಂಟೂವರೆಗೆ ಬಂದೆ ಅಂದಿ, ಏಳಕ್ಕಿಂತ ಮೊದಲ ಬಂದಿದ್ದಿ."

"ಬಿಸಾಡೋಕೇ ತೆಗ್ದಿದ್ದೆ ಸಾರ್," ಎಂದ ಬಸು. "ಕೈ ಬರ್ಲಿಲ್ಲ. ತಕ್ಷಣ ಪಕ್ಕದ್ರಲ್ಲೇ ಸತ್ತೋರ ಜೊತೆಗೆ ಇಟ್ಬಿಟ್ಟೆ. ಅಮರಪ್ಪನೋರ ಡಬ್ಬೀಲಿ."

ನಿವೇದಿತಾ ಎರಡನೆಯ ಡ್ರಮ್ಮಿನ ಕಡೆ ತಿರುಗಿದಳು. ಚೀಲ ಸಿಕ್ಕಿತು, ಆದರೆ ಸತ್ತ ಚೀಲ. ಅದನ್ನು ಇಟ್ಟುಕೊಂಡು ಏನು ಮಾಡುವುದು?

"ಡಾಕ್ಟ್ರ, ಈ ಮೊದಲನೇ ಡ್ರಮ್ಮು ಪೂರಾ ಬತ್ತಿದ್ರ ಎಷ್ಟು ಹಿಡಸ್ತದ?"

"ತೊಂಬತ್ತು ಲೀಟರ್."

"ಸಂಗಣ್ಣ ಹಾಕಿದ್ದು ಮೂರು ಕ್ಯಾನು. ಎಪ್ಪತ್ತೈದಕ್ಕ ತುಂಬಿತು."

ಅವಳು ಮನಸ್ಸಿನಲ್ಲೇ ಕಳೆದು ನೋಡಿದಳು. ಹದಿನೈದು ಲೀಟರ್ ತಳದಲ್ಲಿ ಉಳಿದಿತ್ತು. ತಳದಲ್ಲಿ ಅಷ್ಟಿದ್ದರೆ ಅದರ ಆವಿಯ ಚಳಿಯೇ ಡಬ್ಬಿಗಳನ್ನು ಕಾಯುತ್ತದೆ.

"ಕೋಲು ಅದ್ದಿದ್ರ ಇಂವಗೂ ತಿಳೀತಿತ್ತು," ಎಂದರು ಮಡಿವಾಳಪ್ಪ.

ಬಸು ಮುಖ ಮುಚ್ಚಿಕೊಂಡು ಅತ್ತ. ನಿವೇದಿತಾ ತಾನೇ ಕೈಗವಸು ಹಾಕಿ ಎರಡನೆಯ ಡ್ರಮ್ಮಿನ ಮುಚ್ಚಳ ತೆಗೆದಳು. ಹೊಗೆ ಎದೆಯವರೆಗೆ ಎದ್ದಿತು; ಒಳಗಿನ ಸದ್ದು ಹತ್ತಿರವಾಯಿತು. ಮೂರು ಸತ್ತ ಹೆಸರುಗಳ ನಡುವೆ ಬದುಕಿದವನ ಹೆಸರಿನ ಚೀಲ ಕಾಣಿಸಿದಾಗ ಅವಳಿಗೆ ಅಳು ಬಂತು.

ಕೊಳವೆ ಕರಗಿಸಿ ಎಣಿಸಿದಾಗ ನೂರಕ್ಕೆ ಎಪ್ಪತ್ತಾರು ಕೋಶಗಳು ಜೀವಂತವಾಗಿದ್ದವು. ಅಷ್ಟು ಸಾಕಿತ್ತು.

ಸೂಕ್ಷ್ಮದರ್ಶಕದಿಂದ ಅವಳು ತಲೆಯೆತ್ತಿದಾಗ ಮಡಿವಾಳಪ್ಪ ಅಳತೆ ಬುಕ್ಕನ್ನು ಅವಳ ಮುಂದೆ ಬಿಚ್ಚಿಟ್ಟರು. ಹದಿನಾಲ್ಕನೆಯ ತಾರೀಖು, ಮಂಗಳವಾರ. 'ಔಷಧಿಗೆ ಮುನ್ನ ಡ್ರಮ್ ಪರಿಶೀಲಿಸಲಾಗಿದೆ' ಎಂಬ ಸಾಲಿನ ಕೆಳಗೆ ಅವಳ ಸಹಿ ಇತ್ತು.

"ಕೋಲು ಮುಟ್ಟದವರು ಇಬ್ಬರ್ರಿ ಡಾಕ್ಟ್ರ. ಒಬ್ಬಂವ ಅಂಜಿ ಮುಟ್ಟಲಿಲ್ಲ. ನೀವು ನಂಬಿ ಮುಟ್ಟಲಿಲ್ಲ. ವರದಿಯೊಳಗ ನಾ ಎರಡೂ ಬರೀತೀನಿ."

ಅವಳು ಎದ್ದು ನೇರ ಸಿದ್ದಕ್ಕನ ಬಳಿಗೆ ಹೋಗಿ, ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಬಸುವಿನ ಸುಳ್ಳನ್ನೂ ಹೇಳಿದಳು, ನೋಡದೆ ಹಾಕಿದ ತನ್ನ ಸಹಿಯನ್ನೂ ಹೇಳಿದಳು. ಸಿದ್ದಕ್ಕ ಗಾಜಿನಾಚೆ ಮಲಗಿದ್ದ ಗಂಡನ ಕಡೆ ತಿರುಗಿದಳು.

"ನಾಳೆ ಅವರ ಮೈಗೆ ಹಾಕೋದು ನೀವ ಏನ್ರಿ?"

"ನಿಮಗೆ ಬೇಡ ಅನ್ಸಿದ್ರೆ ಬೇರೆ ಡಾಕ್ಟರು ಹಾಕ್ತಾರೆ ಅಕ್ಕ."

"ಬ್ಯಾಡ. ನೀವ ಹಾಕ್ರಿ. ಇನ್ನ ಮ್ಯಾಲ ನೀವು ನೋಡದ ಬಿಡಂಗಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವರಿಗೆ ಈಗ ಹೇಳಬ್ಯಾಡ್ರಿ. ನಿಮ್ಮನ್ನ ನಂಬ್ಯಾರ, ಅದನ್ನ ಕಳಕೊಳ್ಳೂವಷ್ಟು ಶಕ್ತಿ ಅವರೊಳಗಿಲ್ಲ. ಮೈಯಾಗ ರಕ್ತ ಹುಟ್ಟಲಿ, ಎದ್ದು ಕುಂದ್ರಲಿ. ಆಮ್ಯಾಲ ಅವರ ಎದುರಿಗೆ ನಿಂತು ಇದನ್ನೆಲ್ಲ ನೀವ ಹೇಳ್ಬೇಕು. ನಾನೂ ಬಾಜೂಕ ನಿಂದ್ರತೀನಿ."