ನೆಟ್ಟಗೆ ಬಿದ್ದ ಮೊಹರು

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ವಿದೇಶಿಯರ ನೋಂದಣಿ ಕಚೇರಿಯ ಸೂಪರಿಂಟೆಂಡೆಂಟ್ ಏದುಸಿರು ಬಿಡುತ್ತ ಠಾಣೆಯ ಮೆಟ್ಟಿಲು ಹತ್ತಿದರು. ನಾಲ್ಕನೇ ಕೌಂಟರಿನ ‘ಸ್ವೀಕರಿಸಲಾಗಿದೆ’ ಮೊಹರು ಕಳುವಾಗಿತ್ತು. ದಫೇದಾರ ದೂರು ಬರೆದುಕೊಂಡು ಎಫ್‌ಐಆರ್ ದಾಖಲಿಸಿದ. ಡೈರಿಯಲ್ಲಿ ಒಂದು ಗೆರೆಯನ್ನೂ ಸ್ಕೇಲಿಲ್ಲದೆ ಎಳೆಯದ ಅವನಿಗೆ ಠಾಣೆಯವರು ಇಟ್ಟ ಹೆಸರು ಸ್ಕೇಲಣ್ಣ.

ಹನ್ನೊಂದೂವರೆಗೆ ಪಂಚನಾಮೆ. ಡ್ರಾಯರಿನಲ್ಲಿ ಇಂಕುಪ್ಯಾಡ್ ಇತ್ತು, ಮೊಹರಿರಲಿಲ್ಲ. ಬೀಗ ಮುರಿದಿರಲಿಲ್ಲ, ಹಾಕಿದ್ದರೆ ತಾನೇ ಮುರಿಯುವುದು.

“ಕೊನೇ ಸಲ ಯಾವಾಗ ನೋಡಿದ್ರಿ?” ಇನ್ಸ್‌ಪೆಕ್ಟರ್ ಗುಮಾಸ್ತರನ್ನು ಕೇಳಿದರು.

“ಶುಕ್ರವಾರ ಎರಡೂವರೆಗೆ, ಮೇಡಂ. ಆಮೇಲೆ ಟೀ ಕುಡಿಯೋಕೆ ಎದ್ದೆ.”

“ಬಂದಿದ್ದು?”

“ಮೂರೂಮುಕ್ಕಾಲು. ಮೂರಕ್ಕೇ ಕೌಂಟರ್ ಬಂದ್ ಅಲ್ವಾ.”

“ಟೀ ತೋಟಕ್ಕೇ ಹೋಗಿದ್ರೇನೋ,” ಎಂದ ಸ್ಕೇಲಣ್ಣ, ತಲೆ ಎತ್ತದೆ.

ಅವನು ಶುಕ್ರವಾರದ ಅರ್ಜಿಗಳನ್ನು ಒಂದೊಂದಾಗಿ ಮಗುಚಿದ. ಗುಮಾಸ್ತರು ಫೋನಿನಲ್ಲಿ ಮಾತಾಡುತ್ತಲೇ ಒತ್ತುವವರು, ಮೊಹರುಗಳೆಲ್ಲ ಓರೆ. ಒಂದು ಮಾತ್ರ ನೆಟ್ಟಗೆ, ಗೆರೆ ತಪ್ಪದೆ, ಅಕ್ಷರ ಅಕ್ಷರವೂ ಮೂಡಿದ್ದು.

“ಮೇಡಂ, ಇಷ್ಟು ಅಕ್ಕರೆಯಿಂದ ಮೊಹರು ಒತ್ತೋರು ಈ ಕಚೇರೀಲಿ ಯಾರೂ ಇಲ್ಲ.”

ಅದು ಒಬ್ಬ ವಿದೇಶಿ ವಿದ್ಯಾರ್ಥಿನಿಯ ಅರ್ಜಿ. ಕನ್ನಡಕದ ಗಾಜು ಉಜ್ಜುವ ವಿದ್ಯೆ ಕಲಿತವಳು, ಕೆಲಸದ ಪರವಾನಗಿ ಬೇಡಿದ್ದಳು. ಅಂಚಿನಲ್ಲಿ, ವಾಪಸ್ ಕಳಿಸಿದಾಗಲೆಲ್ಲ ಗುಮಾಸ್ತರು ಪೆನ್ಸಿಲಿನಿಂದ ಬರೆದ ಒಂದೇ ಮಾತು, ಏಳು ಸಲ: ‘ನೇಮಕಾತಿ ಪತ್ರ ತನ್ನಿ’.

ಎರಡು ಗಂಟೆಗೆ, ಅರ್ಜಿಯಲ್ಲಿ ಹೆಸರಿಸಿದ್ದ ಕನ್ನಡಕದ ಅಂಗಡಿ. ಮಾಲೀಕರು ಅವಳು ತಂದ ನಕಲನ್ನು ಮುಂದಿಟ್ಟರು. ಅದರ ಮೇಲೂ ಅದೇ ನೆಟ್ಟನೆಯ ಮೊಹರು.

“ಪರವಾನಗಿ ನೋಡ್ದೆ ನೇಮಕಾತಿ ಪತ್ರ ಕೊಡೋ ಹಾಗಿಲ್ಲ, ಕಾನೂನು. ಅರ್ಜಿ ತಗೊಂಡಿದಾರೆ ಅನ್ನೋ ಗುರುತಾದ್ರೂ ತಾಮ್ಮಾ, ಶುಕ್ರವಾರದವರೆಗೆ ಜಾಗ ಇಟ್ಟಿರ್ತೀನಿ ಅಂದಿದ್ದೆ. ಒಳ್ಳೇ ಕೈ ಅವಳದು.”

ಮೂರೂ ಹತ್ತಕ್ಕೆ ಅವಳ ಕೋಣೆ. ಹುಡುಗಿ ಇಲ್ಲವೆನ್ನಲಿಲ್ಲ. ಪೆಟ್ಟಿಗೆ ತೆರೆದಳು. ಒಗೆದ ಕರವಸ್ತ್ರದಲ್ಲಿ ಮೊಹರು, ಇಂಕು ಒರೆಸಿ ಇಟ್ಟಿದ್ದು.

“ಒತ್ಕೊಂಡೆ, ಸರಿ. ತಗೊಂಡ್ಯಾಕೆ ಬಂದೆ?” ಎಂದರು ಇನ್ಸ್‌ಪೆಕ್ಟರ್.

“ಯಾರೋ ಕೆಮ್ಮಿದ್ರು. ಭಯಕ್ಕೆ ಬ್ಯಾಗಿಗೆ ಹಾಕ್ಕೊಂಡ್ಬಿಟ್ಟೆ.”

“ವಾಪಸ್ ಕೊಡಬೇಕು ಅನ್ನಿಸ್ಲಿಲ್ವಾ?”

“ಇವತ್ತು ಆರು ಗಂಟೆಗೇ ಹೋಗಿ ಸಾಲಲ್ಲಿ ನಿಂತೆ, ಮೇಡಂ. ನನ್ನ ಸರದಿ ಬರೋ ಹೊತ್ತಿಗೆ ಟೋಕನ್ ಮುಗಿದೋಯ್ತು.”

ಸ್ಕೇಲಣ್ಣ ಪೆನ್ನು ಕೆಳಗಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಎತ್ತಿಕೊಂಡ.

ಪೆಟ್ಟಿಗೆಯ ಮೂಲೆಯಲ್ಲಿ ದಪ್ಪ ಗಾಜಿನ ಕನ್ನಡಕವೊಂದಿತ್ತು.

“ಇದು?”

“ಅಮ್ಮಂದು. ನಾನೇ ಉಜ್ಜಿದ್ದು. ಕಿವಿ ಹತ್ರ ಬಗ್ಗಿಸಿ ಕೂರಿಸ್ಬೇಕು. ಅದಕ್ಕೆ ಎದುರಿಗೆ ಮುಖ ಬೇಕು. ಅಮ್ಮನ್ನ ನೋಡಿ ಎರಡು ವರ್ಷ ಆಯ್ತು. ಪರವಾನಗಿ ಇಲ್ದೆ ಗಡಿ ದಾಟಿದ್ರೆ ಮತ್ತೆ ಒಳಗೆ ಬಿಡಲ್ಲ. ವಿಡಿಯೋ ಕಾಲಲ್ಲಿ ಅಮ್ಮ ಫೋನಿನ ಗಾಜಿಗೆ ಮೂಗು ತಾಗಿಸ್ತಾಳೆ. ಆದ್ರೂ ನಾನು ಕಾಣ್ಸಲ್ಲ.”

ನಾಲ್ಕೂ ಐದಕ್ಕೆ ದಸ್ತಗಿರಿ. ಕೇಸು ಬಿದ್ದ ಮೇಲೆ ಪರವಾನಗಿಯ ಮಾತು ಮುಗಿದಂತೆಯೇ. ಅದು ಮೂವರಿಗೂ ಗೊತ್ತಿತ್ತು.

“ಕನ್ನಡಕಾನೂ ಜಪ್ತಿಗೆ ಸೇರಿಸ್ಲಾ, ಮೇಡಂ?”

“ಅದು ಕದ್ದ ಮಾಲಲ್ಲ. ಅವಳ ಹತ್ರಾನೇ ಇರ್ಲಿ.”

ಜೀಪಿನಲ್ಲಿ ಹುಡುಗಿ ಅಳಲಿಲ್ಲ. ಕನ್ನಡಕವನ್ನು ತನ್ನ ಮುಖಕ್ಕೇ ಹಾಕಿಕೊಂಡು, ಕಣ್ಣು ಮುಚ್ಚಿ, ಕಿವಿಯ ಹಿಂದಿನ ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದಳು. ಅಮ್ಮನ ಮುಖ ತನ್ನದಕ್ಕಿಂತ ಎಷ್ಟು ಅಗಲ ಎಂಬುದನ್ನು ನೆನಪು ಮಾಡಿಕೊಳ್ಳುವಂತಿತ್ತು.