ಪಿಂಗಾಣಿ ಕಪ್ಪಿನ ತಳದ ಗುಟುಕು

"ನನ್ನ ಕಪ್ಪಲ್ಲಿ ಉಳಿದಿದ್ದನ್ನ ಮಾತ್ರ ಕುಡೀಬೇಡ ಕಣೇ. ಕುಡಿದೋರಿಗೂ ನನಗೂ ಕೈ ಅದಲುಬದಲಾಗತ್ತೆ," ಎಂದಳು ದೊಡ್ಡ ಸೊಸೆ.

ಚಿಕ್ಕ ಸೊಸೆ ನಕ್ಕ ನಗುವಿಗೆ ಹೊಲಿಗೆ ಅಂಗಡಿಯ ಗಾಜಿನ ಬಾಗಿಲೇ ಗಡಗಡ ಅಂದಿತು. "ಆಗ್ಲಿ ಬಿಡಿ ಅಕ್ಕ! ಕೈ ಜೊತೆಗೆ ಬಳೇನೂ ಬರತ್ತಾ?"

ದೊಡ್ಡವಳು ನಗಲಿಲ್ಲ. "ಅತ್ತೆಯ ಅತ್ತೆ ಓರಗಿತ್ತಿ ಮೇಲಿನ ಹೊಟ್ಟೆಕಿಚ್ಚಿಗೆ ಮಾಟ ಮಾಡಿಸಿದ ಕಪ್ಪು ಇದು. ಅದಕ್ಕೇ ಉಳಿದಿದ್ದನ್ನ ದಿನಾ ನಾನೇ ಚೆಲ್ಲಿ ತೊಳೆದಿಡೋದು."

ಬಿಳಿ ಪಿಂಗಾಣಿ, ಮೈತುಂಬ ನೀಲಿ ಬಳ್ಳಿ. ಆ ಮನೆಯಲ್ಲಿ ಅಂಗಿಗೆ ಕಾಜ ಹೊಲಿಯುವವಳಿಗೇ ಆ ಕಪ್ಪು ಸೇರಬೇಕು. ಎಂಥ ಕಾಜ ಅಂತೀರಿ! ದೊಡ್ಡವಳು ಹೊಲಿದ ಕಾಜದೊಳಗೆ ಗುಂಡಿ ತಾನಾಗಿಯೇ ನಡೆದುಹೋಗಿ ಕೂರುತ್ತಿತ್ತಂತೆ. ಗಿರಾಕಿಯೊಬ್ಬ ಚೆಂದ ಕೆಟ್ಟೀತೆಂದು ಎರಡು ತಿಂಗಳು ಅಂಗಿ ಬಿಚ್ಚಲೇ ಇಲ್ಲವಂತೆ. ಕೊನೆಗೆ ಮೈಮೇಲಿನ ಅಂಗಿ ಉಳಿಯಿತು, ಹೆಂಡತಿ ತವರಿಗೆ ಹೋದಳು.

ಚಿಕ್ಕವಳ ಕಾಜವೋ, ಇಲಿ ಕಡಿದ ತೂತು. "ದೊಡ್ಡೋರ ಕೈಲೇ ಹೊಲಿಸಿ" ಎಂದು ಗಿರಾಕಿಗಳು ಅಂದಾಗಲೆಲ್ಲ ಅವಳ ಹೊಟ್ಟೆಯಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಅವಳಿಗೆ ಹತ್ತು ತಿಂಗಳ ಮಗಳಿದ್ದಳು. ತಾಯಿಯ ಅಂಗೈ ಬೆನ್ನು ತಟ್ಟಿದರೆ ಸಾಕು, ಮಗು ಗಪ್‌ಚಿಪ್. ಮಕ್ಕಳಿಲ್ಲದ ದೊಡ್ಡವಳು ಎತ್ತಿಕೊಂಡರೆ ಮಾತ್ರ ಬೀದಿಗೆಲ್ಲ ಕೇಳುವ ಅಳು. ಆಗ ಅವಳು ತನ್ನ ಗಂಟುಗಂಟು ಬೆರಳುಗಳನ್ನೇ ನೋಡುತ್ತ ಕೂರುವಳು. ಚಿಕ್ಕವಳು ಅದನ್ನು ಗಮನಿಸಲಿಲ್ಲ. ಹೊಟ್ಟೆಕಿಚ್ಚಿಗೆ ಒಂದೇ ಕಣ್ಣು.

ಒಂದು ಮಧ್ಯಾಹ್ನ ಹೊಲಿಗೆ ಮಿಷನ್ ಪಕ್ಕ ಕಪ್ಪು ಹಾಗೇ ಉಳಿದಿತ್ತು. ದೊಡ್ಡವಳು ಅಂಗಡಿ ಹಿಂದಿನ ಮನೆಯೊಳಗೆಲ್ಲೋ ಇದ್ದಳು. ಸುಟ್ಟ ಬಟ್ಟೆಯ ವಾಸನೆ. ತಳದಲ್ಲಿ ಒಂದು ಗುಟುಕು ಟೀ.

"ಬಾ ಕೈಯೇ, ಬಾ," ಎಂದು ಅಣಕಿಸಿ ಚಿಕ್ಕವಳು ಗಟಕ್ಕನೆ ಕುಡಿದುಬಿಟ್ಟಳು.

ತಣ್ಣಗಿತ್ತು. ತುಕ್ಕು ಹಿಡಿದ ಸೂಜಿಯ ರುಚಿ. ಹೊರಗೆ ಬೆಳಕಿದ್ದರೂ ಅಂಗಡಿಯೊಳಗೆ ಕತ್ತಲೆ ಕವಿಯಿತು. ಕಪ್ಪಿನ ನೀಲಿ ಬಳ್ಳಿ ಮಿಸುಕಿತು. ಹಿಡಿಯ ಮೇಲೆ ಹರಿಯಿತು. ಅವಳ ಮಣಿಕಟ್ಟಿಗೆ ಸುತ್ತಿತು. ಬೆರಳಿನೊಳಗೆ ಲಟಕ್, ಲಟಕ್. ಗೆಣ್ಣುಗಳು ಉಬ್ಬಿದವು. ಚರ್ಮ ಸುಕ್ಕಾಯಿತು.

ಒಳಗೆ ಮಗು ಅತ್ತಿತು.

ಓಡಿದಳು. ಎತ್ತಿಕೊಂಡಳು. ತಟ್ಟಿದಳು. ಮಗು ಬಿಲ್ಲಿನಂತೆ ಬೆನ್ನು ಸೆಟೆಸಿ ಕಿರುಚಿತು. ಮತ್ತೆ ತಟ್ಟಿದಳು. ಮತ್ತೂ ಕಿರುಚಿತು.

"ಇಲ್ಲಿ ಕೊಡು."

ಬಾಗಿಲಲ್ಲಿ ದೊಡ್ಡವಳು. ಮುಂದೆ ಚಾಚಿದ್ದು ನುಣುಪಾದ ಎಳೇ ಕೈ. ಹೆಬ್ಬೆರಳ ಮೇಲೆ ಹಾಲು ಸುಟ್ಟ ಕಲೆ. ಚಿಕ್ಕವಳದೇ ಕಲೆ. ದೊಡ್ಡವಳು ಮಗುವನ್ನು ಎತ್ತಿಕೊಂಡು ಎರಡೇ ಏಟು ತಟ್ಟಿದಳು. ಮಗು ಸುಮ್ಮನಾಯಿತು.

"ಅಕ್ಕ... ದಿನಾ ಚೆಲ್ತಿದ್ರಲ್ಲ, ಇವತ್ತು ಯಾಕೆ ಚೆಲ್ಲಲಿಲ್ಲ?"

"ಬೆಳಿಗ್ಗೆ ಇವಳು ನನ್ನ ಕೈ ನೋಡಿ ಮುಖ ತಿರುಗಿಸಿದ್ಲು," ಎಂದಳು ದೊಡ್ಡವಳು, ಮಗುವಿನ ಕೆನ್ನೆ ಸವರುತ್ತ.

ಚಿಕ್ಕವಳು ಓಡಿಹೋಗಿ ಕೆಟಲಿನ ಟೀಯನ್ನು ಕಪ್ಪಿಗೆ ಸುರಿದಳು. ತಾನು ಅರ್ಧ ಕುಡಿದಳು, ಉಳಿದಿದ್ದನ್ನು ತಂದು ಹಿಡಿದಳು. "ಕುಡೀರಿ ಅಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ. ಒಂದು ಗುಟುಕು!"

"ನಿನಗೆ ಬೇಕಾಗಿದ್ದು ನಿನಗೆ ಸಿಕ್ತಲ್ಲೇ," ಎಂದಳು ದೊಡ್ಡವಳು, ತಟ್ಟುತ್ತಲೇ. "ನಾನು ಯಾಕೆ ಕುಡೀಲಿ?"

ಅಂಗಡಿಯಿಂದ ಗಿರಾಕಿ ಕೂಗಿದ: "ಅಮ್ಮಾವ್ರೇ, ಕಾಜ ಆಯ್ತಾ?"

ಚಿಕ್ಕವಳಿಗೆ ಹೋಗುವ ಮನಸ್ಸಿರಲಿಲ್ಲ. ಕೈಗಳಿಗಿತ್ತು. ಅವು ಅವಳನ್ನು ದರದರ ಎಳೆದುಕೊಂಡು ಹೋದವು. ಸೂಜಿ ಹಿಡಿದವು. ಅಂಗಿ ಎತ್ತಿಕೊಂಡವು. ಹೊಲಿದವು. ಅಷ್ಟು ಚೆಂದದ ಕಾಜ ಆ ಅಂಗಡಿ ಹಿಂದೆಂದೂ ಕಂಡಿರಲಿಲ್ಲ.

ಒಳಗೆ ಮಗು ಮೊಟ್ಟಮೊದಲ ಸಲ ಮಾತಾಡಿತು.

"ಅಮ್ಮಾ."

"ಏನಮ್ಮಾ, ಇಲ್ಲೇ ಇದೀನಿ," ಎಂದಳು ದೊಡ್ಡವಳು.